ಟಿವಿಗೆ ಕನ್ನಡ ಬರಲಿ, ಕಳ್ಳ ಎಪಿಕೆ ಬೇಡ



ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಥರದ ಮೆಸೇಜ್ ಮತ್ತೆ ಮತ್ತೆ ಸುತ್ತುತ್ತಾ ಇರುತ್ತೆ. ಎಲ್ಲಾ ಕನ್ನಡ ಚಾನೆಲ್, ಹೊಸ ಸಿನಿಮಾ, ಪೂರ್ತಿ ಫ್ರೀ, ಈ ಎಪಿಕೆ ಟಿವಿಗೆ ಹಾಕ್ಕೊಳ್ಳಿ ಅಂತ. ಕೆಳಗೆ ಒಂದು ಲಿಂಕ್. ಕಳಿಸಿದವರು ನಮ್ಮವರೇ. ಆದರೆ ಅವರಿಗೆ ಅದನ್ನ ಕೊಟ್ಟವರು ಯಾರು, ಆ ಫೈಲ್ ಮಾಡಿದವರು ಯಾರು ಅಂದ್ರೆ ಯಾರಿಗೂ ಗೊತ್ತಿರಲ್ಲ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಟಿವಿಗೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕೋದು, ಅಂದ್ರೆ ಸೈಡ್‌ಲೋಡ್ ಮಾಡೋದು, ತಪ್ಪಲ್ಲ. ಅದು ನಮ್ಮ ಹಕ್ಕು, ನಮ್ಮಂಥ ಸಣ್ಣ ಗುಂಪುಗಳಿಗೆ ಅದು ಬೇಕೂ ಬೇಕು. ಆದರೆ ಕನ್ನಡ ಚಾನೆಲ್ ನೋಡೋದಕ್ಕೆ ಹತ್ತರಲ್ಲಿ ಒಂಬತ್ತು ಸಲ ಅದರ ಅಗತ್ಯವೇ ಇಲ್ಲ. ಅಗತ್ಯ ಇಲ್ಲದ ಕಡೆ ಬಾಗಿಲು ತೆಗೆದಿಟ್ಟು, ನಮ್ಮ ಭಾಷೆಯ ಹಸಿವನ್ನ ಕಳ್ಳರಿಗೆ ಬಂಡವಾಳ ಮಾಡಿಕೊಡ್ತಾ ಇದ್ದೀವಿ.

ಹಸಿವು ಸುಳ್ಳಲ್ಲ

"ಕನ್ನಡ ಟಿವಿ ಇಲ್ಲದಿದ್ರೆ ಏನಾಯ್ತು?" ಅಂತ ಬೆಂಗಳೂರಿನವರು ಕೇಳಬಹುದು. ಪೋತ್ತನೂರಿನಲ್ಲೋ ತಾಳವಾಡಿಯಲ್ಲೋ ಇರುವವರು ಕೇಳಲ್ಲ.

ಕೊಯಮತ್ತೂರು, ತಿರುಪ್ಪೂರು ಕಡೆ ದೇವಾಂಗ, ಕುರುಬ, ಒಕ್ಕಲಿಗ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡ್ತಾರೆ. ಬಹಳ ಮನೆಗಳಲ್ಲಿ ಓದು ಬರಹ ಮಾತ್ರ ತಮಿಳಿನದ್ದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಅನ್ನೋದು ಇವತ್ತಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯ್ತು, ತಾಳವಾಡಿ ಈ ಕಡೆ ಉಳೀತು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯ ಆಯ್ತು. ತಮಿಳು ಕಲಿಯೋದಕ್ಕೆ ನಮ್ಮ ತಕರಾರಿಲ್ಲ, ಅದು ನಮ್ಮ ಅನ್ನದ ಭಾಷೆ. ಆದರೆ ಶಾಲೆಯಲ್ಲಿ ಸಿಗದ ಕನ್ನಡ ಮಗುವಿಗೆ ಸಿಗಬೇಕಾದ್ದು ಮನೆಯಲ್ಲಿ. ಅಜ್ಜಿ ಇರುವ ಮನೆಯಲ್ಲಿ ಅಜ್ಜಿ ಬಾಯಿಂದ, ಇಲ್ಲದ ಮನೆಯಲ್ಲಿ ಟಿವಿಯಿಂದ. ಮನೆ ಮಾತು ಬಿಟ್ಟು ಬೇರೆ ಥರದ ಕನ್ನಡ, ಅಂದ್ರೆ ವಾರ್ತೆಯ ಕನ್ನಡ, 'ಥಟ್ ಅಂತ ಹೇಳಿ' ಕಾರ್ಯಕ್ರಮದ ಕನ್ನಡ, ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಆ ಮಗುವಿನ ಕಿವಿಗೆ ಬೀಳೋದು ಅಲ್ಲಿಂದಲೇ.

ಇಷ್ಟು ಮುಖ್ಯವಾದದ್ದು ಕೇಬಲ್‌ನಲ್ಲಿ ಬರದೇ ಇದ್ದಾಗ "ಈ ಎಪಿಕೆ ಹಾಕ್ಕೊಳ್ಳಿ" ಅನ್ನೋ ಮೆಸೇಜ್ ದೇವರು ಕಳಿಸಿದ ಹಾಗೆ ಕಾಣುತ್ತೆ. ಮೋಸ ಮಾಡುವವನಿಗೂ ಬೇಕಾಗಿರೋದು ಅದೇ.

ಆ ಬಾಗಿಲಿಂದ ಏನೇನು ಒಳಗೆ ಬರುತ್ತೆ?

ಎಪಿಕೆ ಅಂದ್ರೆ ಆಂಡ್ರಾಯ್ಡ್ ಆ್ಯಪ್‌ನ ಮೂಟೆ. ಪ್ಲೇ ಸ್ಟೋರ್‌ನಿಂದ ಬಂದರೆ ಆ ಮೂಟೆಯನ್ನ ಒಬ್ಬರು ತಪಾಸಣೆ ಮಾಡಿ ಕಳಿಸಿರ್ತಾರೆ. ಆ ತಪಾಸಣೆಯೂ ನೂರಕ್ಕೆ ನೂರು ಅಲ್ಲ. ಲಿಂಕ್‌ನಿಂದ ಬಂದರೆ ತಪಾಸಣೆ ಮಾಡಬೇಕಾದವರು ನಾವೇ.

"ಟಿವಿಯಲ್ಲಿ ನನ್ನ ಬ್ಯಾಂಕ್ ಆ್ಯಪ್ ಇಲ್ವಲ್ಲ, ಏನ್ ಹೋಗುತ್ತೆ?" ಅಂತ ಕೇಳುವವರಿದ್ದಾರೆ. ಮೂರು ರೀತಿಯಲ್ಲಿ ಹೋಗುತ್ತೆ.

ಒಂದು, ಫೋನಿಗೆ ದಾಟೋದು. ಟಿವಿಗೆ ಹಾಕಿದ ಆ್ಯಪ್ "ಆ್ಯಕ್ಟಿವೇಶನ್‌ಗೆ ಫೋನಿನಲ್ಲೂ ಇದನ್ನ ಹಾಕಿ" ಅಂತ ಕೇಳಬಹುದು, ಎಸ್ಸೆಮ್ಮೆಸ್ ಓದೋ ಅನುಮತಿ ಕೇಳಬಹುದು. ಕೊಟ್ಟರೆ ಓಟಿಪಿ ಅವರ ಕೈಗೆ. ಆರ್‌ಟಿಓ ಚಲನ್ ಹೆಸರಿನ ಎಪಿಕೆ, ಮದುವೆ ಆಮಂತ್ರಣದ ಹೆಸರಿನ ಎಪಿಕೆ, ಪಿಎಂ ಕಿಸಾನ್ ಹೆಸರಿನ ಎಪಿಕೆ, ಇವೆಲ್ಲ ನಮ್ಮ ದೇಶದಲ್ಲಿ ಕೆಲಸ ಮಾಡಿದ್ದು ಇದೇ ದಾರಿಯಲ್ಲಿ. ಬ್ಯಾಂಕ್ ಕೌಂಟರ್ ಒಳಗೆ ಕೂರುವವನಾಗಿ ಒಂದು ವಿಷಯ ಹೇಳಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಗ್ರಾಹಕನ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದರೆ, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವನಿಗೆ ನಷ್ಟ ಇಲ್ಲ. ಆದರೆ ಗ್ರಾಹಕನ ಅಜಾಗರೂಕತೆಯಿಂದ ಹೋದರೆ, ಅವನು ಬಂದು ದೂರು ಕೊಡುವ ತನಕದ ನಷ್ಟ ಅವನದ್ದೇ. ಯಾರೋ ಕಳಿಸಿದ ಆ್ಯಪ್‌ಗೆ ಓಟಿಪಿ ಓದೋಕೆ ಬಿಟ್ಟಿದ್ದು ಯಾವ ಸಾಲಿಗೆ ಬರುತ್ತೆ ಅಂತ ಬ್ಯಾಂಕ್ ವಾದ ಮಾಡುತ್ತೆ ಅನ್ನೋದು ನೀವೇ ಊಹಿಸಿ.

ಎರಡು, ಗೂಗಲ್ ಖಾತೆ. ಟಿವಿಗೆ ಬಹಳ ಜನ ಅಪ್ಪನ ಅಥವಾ ತಮ್ಮ ಮುಖ್ಯ ಜಿಮೇಲ್ ಹಾಕಿರ್ತಾರೆ. ಅದೇ ಖಾತೆಯಲ್ಲಿ ಫೋಟೋ, ಕಾಂಟ್ಯಾಕ್ಟ್, ಕೆಲವರಿಗೆ ಕಾರ್ಡ್ ವಿವರ ಎಲ್ಲ ಇರುತ್ತೆ.

ಮೂರು, ಮನೆಯ ಇಂಟರ್ನೆಟ್. ಇದು ಕಣ್ಣಿಗೆ ಕಾಣಲ್ಲ, ಆದರೆ ದೊಡ್ಡದು. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಅನ್ನೋ ಭದ್ರತಾ ಕಂಪನಿ, 197 ದೇಶಗಳ ಸುಮಾರು 13 ಲಕ್ಷ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ ಕಳ್ಳ ತಂತ್ರಾಂಶ ಇರೋದನ್ನ ಪತ್ತೆ ಮಾಡಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಜುಲೈನಲ್ಲಿ ಗೂಗಲ್ ಅದರ ಹಿಂದಿನವರ ಮೇಲೆ ನ್ಯೂಯಾರ್ಕ್‌ನಲ್ಲಿ ಕೇಸ್ ಹಾಕಿದಾಗ ಹೇಳಿದ ಲೆಕ್ಕ, 1 ಕೋಟಿಗೂ ಹೆಚ್ಚು ಸಾಧನಗಳು. ಕೆಲವು ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ಕೂತಿದ್ದ, ಕೆಲವಕ್ಕೆ ಹೊರಗಿನ ಆ್ಯಪ್ ಹಾಕುವಾಗ ಬಂದ. ಅವನ ಕೆಲಸ ಏನಪ್ಪ ಅಂದ್ರೆ, ನಿಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನ ಬೇರೆಯವರಿಗೆ ಬಾಡಿಗೆಗೆ ಕೊಡೋದು. ಎಲ್ಲೋ ಯಾರೋ ಮಾಡಿದ ಅಪರಾಧದ ಜಾಡು ಹಿಡಿದು ಬಂದರೆ ಸಿಗೋದು ನಿಮ್ಮ ಮನೆ ಬಾಗಿಲು.

ಪೇಟೆಯಲ್ಲಿ "ಅನ್‌ಲಾಕ್ಡ್, ಎಲ್ಲಾ ಚಾನೆಲ್ ಫ್ರೀ" ಅಂತ ಮಾರೋ ಹೆಸರಿಲ್ಲದ ಬಾಕ್ಸ್ ತಗೋಬೇಡಿ. ಎಫ್‌ಬಿಐ ಹೇಳಿದ ಗುರುತುಗಳಲ್ಲಿ ಮೊದಲಿನವು ಇವೇ: ಫ್ರೀ ಕಂಟೆಂಟ್ ಅಂತ ಪ್ರಚಾರ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅನ್ನೋ ಸೂಚನೆ, ಹೆಸರು ಗೊತ್ತಿಲ್ಲದ ಆ್ಯಪ್ ಅಂಗಡಿ, ಪ್ಲೇ ಪ್ರೊಟೆಕ್ಟ್ ಪ್ರಮಾಣ ಇಲ್ಲದ ಆಂಡ್ರಾಯ್ಡ್.

ಮೊದಲು ಮುಂಬಾಗಿಲು ತಟ್ಟಿ

"ತಮಿಳುನಾಡಲ್ಲಿ ಕನ್ನಡ ಬರಲ್ಲ, ಅದಕ್ಕೇ ಎಪಿಕೆ" ಅಂತ ಹೇಳ್ತಾರೆ. ಇದು ಬಹುಪಾಲು ತಪ್ಪು ತಿಳಿವಳಿಕೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ದೇಶದ ಬೇಲಿ ಅಡ್ಡ ಬರುತ್ತೆ. ನಮಗೆ ರಾಜ್ಯದ ಬೇಲಿ ಆ್ಯಪ್‌ಗಳಲ್ಲಿ ಇಲ್ಲ. ಮೈಸೂರಿನಲ್ಲಿ ತೆರೆದುಕೊಳ್ಳುವ ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್ ಪೋತ್ತನೂರಿನಲ್ಲೂ ಅವೇ. ಭಾಷೆ ಕೇಳುವ ಕಡೆ ಕನ್ನಡ ಆರಿಸಿದರೆ ಸಾಕು. ಜೀ ಕನ್ನಡ, ಕಲರ್ಸ್ ಕನ್ನಡ, ಉದಯ ಮೂರಕ್ಕೂ ಹೀಗೆ ದಾರಿ ಇದೆ. ಅಂದಹಾಗೆ ಉದಯ ಟಿವಿ ಚೆನ್ನೈನ ಸನ್ ನೆಟ್‌ವರ್ಕ್‌ನದ್ದೇ.

ದುಡ್ಡು ಕೊಡೋಕೆ ಆಗಲ್ಲ ಅನ್ನುವವರಿಗೂ ದಾರಿ ಇದೆ. ದೂರದರ್ಶನ ಚಂದನ ಯೂಟ್ಯೂಬ್‌ನಲ್ಲಿ ಸಿಗುತ್ತೆ. ಪ್ರಸಾರ ಭಾರತಿ 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ಶುರು ಮಾಡಿದ 'ವೇವ್ಸ್' ಆ್ಯಪ್‌ನಲ್ಲಿ ಕನ್ನಡವೂ ಒಂದು ಭಾಷೆ. ಇಂಟರ್ನೆಟ್ಟೇ ಇಲ್ಲದ ತಾಳವಾಡಿ ಬೆಟ್ಟದ ಊರಿಗೆ ಡಿಡಿ ಫ್ರೀ ಡಿಶ್: ಒಂದು ಸಲ ಡಿಶ್ ಮತ್ತು ಬಾಕ್ಸ್‌ಗೆ ಖರ್ಚು, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ. ಆಕಾಶವಾಣಿಯ ಕನ್ನಡ ಕೇಳೋಕೆ ನ್ಯೂಸ್‌ಆನ್‌ಏರ್ ಆ್ಯಪ್ ಫೋನಿನಲ್ಲಿದ್ದರೆ ಸಾಕು.

ಇನ್ನೊಂದು ಸುಲಭದ ದಾರಿ ನಮ್ಮ ಹುಡುಗರು ಮರೆತೇಬಿಡ್ತಾರೆ, ಅದು ಕಾಸ್ಟ್ ಮಾಡೋದು. ಟಿವಿಯಲ್ಲಿ ಆ್ಯಪ್ ಸಿಗದಿದ್ರೆ ಫೋನಿನಲ್ಲಿ ಅಸಲಿ ಆ್ಯಪ್ ತೆರೆದು, ಕಾಸ್ಟ್ ಗುರುತು ಒತ್ತಿ ಟಿವಿಗೆ ಕಳಿಸಿ. ಯಾವ ಎಪಿಕೆಯೂ ಬೇಕಾಗಿಲ್ಲ.

ಸೈಡ್‌ಲೋಡ್ ಯಾವಾಗ ಬೇಕು?

ಇಷ್ಟಾದ ಮೇಲೂ ಬೇಕಾಗುವ ಸಂದರ್ಭ ಇದ್ದೇ ಇದೆ. ಹಳೆ ಟಿವಿಯಲ್ಲಿ ಪ್ಲೇ ಸ್ಟೋರ್ "ನಿಮ್ಮ ಸಾಧನಕ್ಕೆ ಹೊಂದಲ್ಲ" ಅನ್ನುತ್ತೆ. ಒಂದು ಆ್ಯಪ್ ಗೂಗಲ್ ಅಂಗಡಿಯಲ್ಲಿದ್ದು ಅಮೆಜಾನ್ ಅಂಗಡಿಯಲ್ಲಿ ಇರಲ್ಲ. ನಮ್ಮ ಹುಡುಗರೇ ಯಾರೋ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋ ಸಣ್ಣ ಆ್ಯಪ್ ಮಾಡಿ ಹಂಚ್ತಾರೆ ಅಂದ್ಕೊಳ್ಳಿ, ಅದು ಅಂಗಡಿಗೆ ಹೋಗದೆಯೂ ಇರಬಹುದು. ಆಗ ಹೀಗೆ ಮಾಡಿ.

1. ಫೈಲ್ ಎಲ್ಲಿಂದ ಅನ್ನೋದೇ ಮೊದಲ ಪ್ರಶ್ನೆ. ಆ್ಯಪ್ ಮಾಡಿದವರ ಸ್ವಂತ ಜಾಲತಾಣದಿಂದಲೇ ತಗೊಳ್ಳಿ. ಉದಾಹರಣೆಗೆ ವಿಎಲ್‌ಸಿ ಪ್ಲೇಯರ್ ಬೇಕಿದ್ದರೆ ವಿಡಿಯೋಲ್ಯಾನ್ ಸಂಸ್ಥೆಯ ತಾಣ. ಅಲ್ಲಿ ಇಲ್ಲದಿದ್ರೆ ಎಫ್-ಡ್ರಾಯ್ಡ್, ಎಪಿಕೆಮಿರರ್ ಥರದ ಹೆಸರಿರುವ ಕಡೆ. ವಾಟ್ಸಾಪ್, ಟೆಲಿಗ್ರಾಂನಿಂದ ಬಂದ ಫೈಲ್ ಬೇಡವೇ ಬೇಡ, ಸ್ವಂತ ತಮ್ಮ ಕಳಿಸಿದ್ದಾದರೂ ಸರಿ. 'ಡೌನ್‌ಲೋಡರ್' ಆ್ಯಪ್‌ಗೆ ಹಾಕಿ ಅಂತ ಬರೀ ನಂಬರ್ ಕೋಡ್ ಕೊಡ್ತಾರಲ್ಲ, ಆ ನಂಬರ್ ಹಿಂದೆ ಯಾವ ವಿಳಾಸ ಇದೆ ಅಂತ ನಿಮಗೆ ಕಾಣಲ್ಲ ಅನ್ನೋದು ನೆನಪಿರಲಿ.

2. ಹಾಕುವ ಮೊದಲು ಫೈಲನ್ನ ವೈರಸ್‌ಟೋಟಲ್‌ಗೆ ಕೊಟ್ಟು ನೋಡಿ. ಹತ್ತಾರು ಆ್ಯಂಟಿವೈರಸ್‌ಗಳು ಒಂದೇ ಸಲ ಪರೀಕ್ಷೆ ಮಾಡ್ತವೆ, ಖರ್ಚಿಲ್ಲ. ಹಸಿರು ಬಂದರೆ ಪೂರ್ತಿ ಸುರಕ್ಷಿತ ಅಂತಲ್ಲ. ಕೆಂಪು ಬಂದರೆ ಮಾತ್ರ ಅಲ್ಲಿಗೇ ಬಿಟ್ಟುಬಿಡಿ.

3. ಟಿವಿಗೆ ಬೇರೆ ಗೂಗಲ್ ಖಾತೆ ಮಾಡಿ. ಅದರಲ್ಲಿ ಕಾರ್ಡ್ ಬೇಡ, ಯುಪಿಐ ಬೇಡ, ಫೋಟೋ ಬೇಡ. ರೂಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಟಿವಿಯನ್ನ ಅದಕ್ಕೆ ಕಟ್ಟಿ. ಐದು ನಿಮಿಷದ ಕೆಲಸ, ಕಳ್ಳ ಬಂದರೂ ವರಾಂಡದಲ್ಲೇ ಉಳೀತಾನೆ.

4. ಬಾಗಿಲು ಒಂದೇ ಆ್ಯಪ್‌ಗೆ ತೆಗೆಯಿರಿ. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಯಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, 'ಸೆಕ್ಯುರಿಟಿ ಅಂಡ್ ರಿಸ್ಟ್ರಿಕ್ಷನ್ಸ್', 'ಅನ್ನೋನ್ ಸೋರ್ಸಸ್' ಅಂತ ಹೋಗಿ. ಕೆಲವು ಟಿವಿಗಳಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತೆ. ಅಲ್ಲಿ ಫೈಲ್ ಮ್ಯಾನೇಜರ್‌ಗೆ ಮಾತ್ರ ಅನುಮತಿ ಕೊಡಿ, ಪೆನ್‌ಡ್ರೈವ್‌ನಿಂದ ಎಪಿಕೆ ಹಾಕಿ, ಮತ್ತೆ ಅದೇ ಜಾಗಕ್ಕೆ ಹೋಗಿ ಆಫ್ ಮಾಡಿ. ಫೈರ್ ಸ್ಟಿಕ್‌ನಲ್ಲಿ 'ಮೈ ಫೈರ್ ಟಿವಿ' ಒಳಗೆ 'ಅಬೌಟ್'ಗೆ ಹೋಗಿ ಸ್ಟಿಕ್ ಹೆಸರಿನ ಮೇಲೆ 7 ಸಲ ಒತ್ತಿದರೆ 'ಡೆವಲಪರ್ ಆಪ್ಷನ್ಸ್' ಕಾಣುತ್ತೆ, ಅದರೊಳಗೆ 'ಇನ್‌ಸ್ಟಾಲ್ ಅನ್ನೋನ್ ಆ್ಯಪ್ಸ್'. ಆಫ್ ಮಾಡೋದನ್ನ ಬಹಳ ಜನ ಮರೀತಾರೆ, ಕೆಲಸದಲ್ಲಿ ಅರ್ಧ ಭಾಗ ಅದೇ.

5. 'ಎಡಿಬಿ ಡಿಬಗ್ಗಿಂಗ್' ಆನ್ ಮಾಡಿ ಅಂತ ಯಾವುದೋ ವಿಡಿಯೋ ಹೇಳಿದ್ರೆ ಸುಮ್ಮನೆ ಮಾಡಬೇಡಿ. ಮಾಡಲೇಬೇಕಾಗಿ ಬಂದರೆ ಕೆಲಸ ಮುಗಿದ ತಕ್ಷಣ ಆಫ್ ಮಾಡಿ. 2018ರ ಫೆಬ್ರವರಿಯಲ್ಲಿ 'ಎಡಿಬಿ ಮೈನರ್' ಅನ್ನೋ ಹುಳ ಟಿವಿ ಬಾಕ್ಸ್‌ಗಳಿಗೆ ನುಗ್ಗಿದ್ದು ಈ ತೆರೆದ ಕಿಂಡಿಯಿಂದಲೇ.

6. ಅನುಮತಿ ಓದಿ. ಸಿನಿಮಾ ತೋರಿಸೋ ಆ್ಯಪ್‌ಗೆ ಎಸ್ಸೆಮ್ಮೆಸ್ ಯಾಕೆ? ಕಾಂಟ್ಯಾಕ್ಟ್ ಯಾಕೆ? 'ಆ್ಯಕ್ಸೆಸಿಬಿಲಿಟಿ' ಯಾಕೆ? ಕೇಳಿದ ತಕ್ಷಣ ತೆಗೆದುಹಾಕಿ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂದರಂತೂ ಮಾತೇ ಬೇಡ.

7. ಹೊರಗಿನಿಂದ ಹಾಕಿದ ಆ್ಯಪ್‌ಗಳು ಕಡಿಮೆ ಇರಲಿ, ಬಳಸದ್ದನ್ನ ತೆಗೆಯಿರಿ. ಒಳ್ಳೆಯವರು ಮಾಡಿದ ಆ್ಯಪ್ ಕೂಡ ಕೆಡಬಹುದು. 2025ರ ನವೆಂಬರ್ ಕೊನೆಯಲ್ಲಿ 'ಸ್ಮಾರ್ಟ್‌ಟ್ಯೂಬ್' ಅನ್ನೋ ಹೆಸರಾಂತ ಟಿವಿ ಆ್ಯಪ್‌ನ ಡೆವಲಪರ್‌ನ ಸಹಿ ಕೀಲಿಯೇ ಬೇರೆಯವರ ಪಾಲಾಗಿ, ಅವರು ಬರೆಯದ ಕೋಡ್ ಆ್ಯಪ್ ಒಳಗೆ ಸೇರಿಬಿಟ್ಟಿತ್ತು. ಕೆಲವರ ಟಿವಿಯಲ್ಲಿ ಅದನ್ನ ತಡೆದು ಎಚ್ಚರಿಸಿದ್ದು ಪ್ಲೇ ಪ್ರೊಟೆಕ್ಟ್.

ಏನಾದರೂ ಎಡವಟ್ಟಾದ ಅನುಮಾನ ಬಂದರೆ ಟಿವಿಯ ಇಂಟರ್ನೆಟ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಖಾತೆಯ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಮೊದಲು 1930ಕ್ಕೆ ಫೋನ್, ಕೂಡಲೇ ಬ್ಯಾಂಕಿಗೆ. ನಾಳೆ ನೋಡೋಣ ಅನ್ನೋ ಹಾಗಿಲ್ಲ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟೋಕೆ ನಿಮಿಷಗಳು ಸಾಕು.

ಬಾಗಿಲು ಪೂರ್ತಿ ಮುಚ್ಚಿಬಿಡಲಿ ಅಂತೀರಾ?

ಇಷ್ಟೆಲ್ಲ ಅಪಾಯ ಇದ್ದರೆ ಕಂಪನಿಗಳೇ ಸೈಡ್‌ಲೋಡ್ ನಿಲ್ಲಿಸಲಿ ಅಂತ ಯಾರಾದರೂ ಹೇಳಬಹುದು. ನಿಲ್ಲಿಸೋ ಕಡೆಗೇ ಹೆಜ್ಜೆ ಇಡ್ತಾ ಇದ್ದಾರೆ. 2025ರಲ್ಲಿ ಅಮೆಜಾನ್ ತಂದ 'ವೇಗಾ' ವ್ಯವಸ್ಥೆಯ ಫೈರ್ ಸ್ಟಿಕ್‌ನಲ್ಲಿ ಸಾಮಾನ್ಯ ಬಳಕೆದಾರ ಎಪಿಕೆ ಹಾಕೋಕೆ ಆಗಲ್ಲ. ಅಂಗಡಿಯ ಹೊರಗಿನ ಆ್ಯಪ್ ಮಾಡುವವರೂ ತಮ್ಮ ಗುರುತು ದಾಖಲಿಸಬೇಕು ಅಂತ ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ಮೊದಲು ಕೆಲವು ದೇಶಗಳಲ್ಲಿ, ಆಮೇಲೆ ಎಲ್ಲ ಕಡೆ ಅನ್ನೋದು ಅದರ ಯೋಜನೆ.

ನನಗೆ ಇದರಲ್ಲಿ ಪೂರ್ತಿ ಸಂತೋಷ ಇಲ್ಲ. ಕೋಟಿ ಜನ ಬಳಸೋ ಆ್ಯಪ್‌ಗೆ ಅಂಗಡಿಯ ಬಾಗಿಲು ಯಾವಾಗಲೂ ತೆರೆದಿರುತ್ತೆ. ತಾಳವಾಡಿಯ ನೂರು ಮನೆಗೆ, ಕಾಸರಗೋಡಿನ ಒಂದು ಶಾಲೆಗೆ, ಜತ್ತದ ಒಂದು ಸಂಘಕ್ಕೆ ಅಂತ ಮಾಡಿದ ಆ್ಯಪ್ ಯಾರ ಅಂಗಡಿಗೂ ಮುಖ್ಯ ಅಲ್ಲ. ಪಕ್ಕದ ಬಾಗಿಲು ಉಳಿಯಬೇಕಾಗಿರೋದು ಅಂಥವಕ್ಕಾಗಿ. ಆದರೆ ಆ ಬಾಗಿಲನ್ನ ನಾವು ಕದ್ದ ಸಿನಿಮಾ ತರೋಕೆ ಮಾತ್ರ ಬಳಸ್ತಾ ಹೋದರೆ, ಅದನ್ನ ಮುಚ್ಚುವವರಿಗೆ ಕಾರಣ ಒದಗಿಸೋದು ನಾವೇ. ಕದ್ದ ಸಿನಿಮಾ ಹರಡೋದು ಸಣ್ಣ ವಿಷಯವೂ ಅಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಪೈರಸಿಗೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ.

ಲೆಕ್ಕದಲ್ಲಿ ಇಲ್ಲದವರು

ಕೊನೆಯದಾಗಿ ಒಂದು ಬಿಕಾಂ ಮಾತು. ಪುಸ್ತಕಕ್ಕೆ ಏರದ ವಹಿವಾಟು ನಡೆದೇ ಇಲ್ಲ ಅಂತ ಲೆಕ್ಕ.

ಕೊಯಮತ್ತೂರಿನ ಕನ್ನಡ ಮನೆ ಕಳ್ಳ ಎಪಿಕೆಯಲ್ಲಿ ಜೀ ಕನ್ನಡ ನೋಡಿದರೆ ಅದು ಕೇಬಲ್‌ನವನ ಪುಸ್ತಕದಲ್ಲಿಲ್ಲ, ಡಿಟಿಎಚ್ ಕಂಪನಿಯ ಪುಸ್ತಕದಲ್ಲಿಲ್ಲ, ಚಾನೆಲ್‌ನವರ ಪುಸ್ತಕದಲ್ಲೂ ಇಲ್ಲ. ನಾಳೆ ನಾವು ಹೋಗಿ "ಇಲ್ಲಿ ಕನ್ನಡದವರಿದ್ದೀವಿ, ಕನ್ನಡ ಚಾನೆಲ್ ಕೊಡಿ" ಅಂದರೆ, "ಯಾರು ಕೇಳಿದ್ದಾರೆ?" ಅಂತಾರೆ. ತೋರಿಸೋಕೆ ನಮ್ಮ ಕೈಯಲ್ಲಿ ಏನಿರುತ್ತೆ? ಜನಗಣತಿಯಲ್ಲಿ ಮಾತೃಭಾಷೆ ಕನ್ನಡ ಅಂತ ಬರೆಸಿ ಅಂತ ಮನೆ ಮನೆಗೆ ಹೋಗಿ ಹೇಳ್ತೀವಿ. ಅದೇ ಮನೆಯ ಟಿವಿ ಕನ್ನಡದ ಲೆಕ್ಕಕ್ಕೆ ಸಿಗದ ಹಾಗೆ ನಾವೇ ಮಾಡ್ತಾ ಇದ್ದೀವಿ.

ಟ್ರಾಯ್‌ನ 2017ರ ನಿಯಮಗಳು 2019ರಲ್ಲಿ ಪೂರ್ತಿ ಜಾರಿಗೆ ಬಂದ ಮೇಲೆ ಪೇ ಚಾನೆಲ್‌ಗಳನ್ನ ಬಿಡಿಬಿಡಿಯಾಗಿ ಆರಿಸಿ ತಗೊಳ್ಳೋ ಹಕ್ಕು ಗ್ರಾಹಕನಿಗೆ ಇದೆ. ತಮಿಳು ಪ್ಯಾಕ್ ಜೊತೆಗೇ ಬೇಕಾದ ಒಂದೋ ಎರಡೋ ಕನ್ನಡ ಚಾನೆಲ್ ಸೇರಿಸಿಕೊಳ್ಳಬಹುದು. ಡಿಟಿಎಚ್ ಇಡೀ ದೇಶಕ್ಕೆ ಒಂದೇ ಆಗಿರೋದ್ರಿಂದ ಅಲ್ಲಿ ಇದು ಸುಲಭ. ಕೇಬಲ್‌ನವರ ಪಟ್ಟಿಯಲ್ಲೇ ಕನ್ನಡ ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ. ತಮಿಳಿನಲ್ಲೋ ಇಂಗ್ಲಿಷ್‌ನಲ್ಲೋ ಒಂದು ಪುಟ ಸಾಕು: ಗ್ರಾಹಕ ಸಂಖ್ಯೆ, ಬೇಕಾದ ಚಾನೆಲ್ ಹೆಸರು, ದಿನಾಂಕ, ಸಹಿ. ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ರೆ ಅವರ ನೋಡಲ್ ಅಧಿಕಾರಿಗೆ ಬರೀರಿ, ಅಂಥ ಅಧಿಕಾರಿ ಇರಲೇಬೇಕು ಅಂತ ನಿಯಮ ಇದೆ. ಒಬ್ಬ ಕೇಳಿದರೆ ಪಕ್ಕಕ್ಕೆ ಇಡ್ತಾರೆ. ಒಂದೇ ಬೀದಿಯಿಂದ ಇಪ್ಪತ್ತು ಅರ್ಜಿ ಹೋದರೆ ಅದು ವ್ಯಾಪಾರದ ಮಾತಾಗುತ್ತೆ, ಆಗ ಕೇಳಿಸಿಕೊಳ್ತಾರೆ. ಸಂವಿಧಾನದ 29ನೇ ವಿಧಿ ನಮ್ಮ ಭಾಷೆ ಉಳಿಸಿಕೊಳ್ಳೋ ಹಕ್ಕು ಕೊಟ್ಟಿದೆ. ಆ ಹಕ್ಕು ಕೆಲಸಕ್ಕೆ ಬರೋದು ಕೇಳುವವರು ಇದ್ದಾಗ.

ಈ ಭಾನುವಾರ ಒಂದು ಗಂಟೆ ತೆಗೆದಿಡಿ. ಮನೆಯ ಟಿವಿಯಲ್ಲಿ 'ಅನ್ನೋನ್ ಸೋರ್ಸಸ್' ತೆರೆದಿದೆಯಾ ನೋಡಿ ಮುಚ್ಚಿ. ಯಾರು ಹಾಕಿದ್ದು ಅಂತ ಗೊತ್ತಿಲ್ಲದ ಆ್ಯಪ್ ತೆಗೆಯಿರಿ. ಅಪ್ಪ ಅಮ್ಮನಿಗೆ ಚಂದನ ಹಾಕಿಕೊಡಿ. ಆಮೇಲೆ ಕೇಬಲ್‌ನವರಿಗೆ ಆ ಒಂದು ಪುಟದ ಅರ್ಜಿ ಬರೀರಿ, ಪಕ್ಕದ ಮನೆಯವರದ್ದೂ ಬರೆದುಕೊಡಿ. ಗುಂಪಿನಲ್ಲಿ ಮತ್ತೆ ಆ ಲಿಂಕ್ ಬಂದಾಗ ಕಳಿಸಿದವರ ಮೇಲೆ ರೇಗಬೇಡಿ. ಅವರಿಗೂ ಬೇಕಾಗಿರೋದು ಕನ್ನಡವೇ. ಲಿಂಕ್ ಅಳಿಸೋಕೆ ಹೇಳಿ, ಅದರ ಜಾಗದಲ್ಲಿ ಅರ್ಜಿಯ ನಮೂನೆ ಹಾಕಿ.